ಕಬ್ಬಿಣದ ಗೇಟು, ಗ್ರಿಲ್ಲಿಗೆ ತುಕ್ಕು ಹಿಡಿಯದಂತೆ ನಾನು ಮಾಡುವ ಕೆಲಸ

ಗೇಟು, ಕಿಟಕಿ ಗ್ರಿಲ್, ಮೆಟ್ಟಿಲಿನ ರೇಲಿಂಗ್, ಇವುಗಳ ತುಕ್ಕು ತೆಗೆದು ಬಣ್ಣ ಹೊಡೆಯುವ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಕೇಳುವವರೆಲ್ಲ ಕೇಳುವುದು ಒಂದೇ, ಯಾವ ಪೇಂಟ್ ಒಳ್ಳೇದು ಅಂತ. ನಾನು ಮೊದಲು ನೋಡುವುದು ನೀರು ಎಲ್ಲಿ ನಿಲ್ಲುತ್ತಿದೆ ಅನ್ನೋದನ್ನ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಉಪ್ಪು ಸೇರಿದರೆ ಇನ್ನೂ ಬೇಗ. ಅಲ್ಯೂಮಿನಿಯಂ ಕೂಡ ಆಮ್ಲಜನಕದ ಜೊತೆ ಸೇರುತ್ತದೆ ಅಲ್ವಾ, ಆದರೆ ಅದರ ಮೇಲೆ ಕೂರುವ ಆಕ್ಸೈಡ್ ಪದರ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಈ ಕೆಲಸ ಕ್ರೋಮಿಯಂನದು, ಕನಿಷ್ಠ ಶೇ 10.5 ಇರಬೇಕು. ಕಬ್ಬಿಣದ ತುಕ್ಕು ಮಾತ್ರ ಸಡಿಲ. ಜೊತೆಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಹಾಗಾಗಿ ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಅಡಿಯಲ್ಲಿ ಬೆಳೆದು ಬಣ್ಣವನ್ನು ಪದರ ಪದರವಾಗಿ ಎಬ್ಬಿಸುತ್ತದೆ.

ಸಡಿಲ ತುಕ್ಕನ್ನೆಲ್ಲ ವೈರ್ ಬ್ರಷ್, ಸ್ಯಾಂಡ್ ಪೇಪರ್ ಹಿಡಿದು ತೆಗೆಯುತ್ತೇನೆ. ಕೆಲಸದಲ್ಲಿ ಮುಕ್ಕಾಲು ಪಾಲು ಇದೇ, ಕೈ ನೋವು ಬರುವುದೂ ಇಲ್ಲೇ. ಎಣ್ಣೆ ಜಿಡ್ಡು ಇದ್ದರೆ ಥಿನ್ನರಿನಲ್ಲಿ ಒರೆಸಬೇಕು. ಗುಳಿಗಳಲ್ಲಿ ಕೂತು ಬರದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚುತ್ತೇನೆ, ಅದು ತುಕ್ಕನ್ನು ಕಪ್ಪಗಿನ ಐರನ್ ಫಾಸ್ಫೇಟ್ ಮಾಡುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಲೇಬೇಡಿ. ಉಜ್ಜಿ ಹೊಳೆಯುವ ಕಬ್ಬಿಣವನ್ನು ಮರುದಿನಕ್ಕೆ ಬಿಡುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಕೆಂಪಾಗುತ್ತದೆ, ಅದಕ್ಕೇ ಅವತ್ತೇ ಪ್ರೈಮರ್, ಅಂದರೆ ಬಣ್ಣದ ಅಡಿಗೆ ಬಳಿಯುವ ಮೊದಲ ಪದರ.

ಪ್ರೈಮರಿನಲ್ಲಿ ಒಂದು ವಿಷಯ ಜನ ಗಮನಿಸುವುದಿಲ್ಲ. ಸತು ತುಂಬಿದ ಪ್ರೈಮರ್ ಕಬ್ಬಿಣವನ್ನು ಕಾಯುವುದು ತಾನೇ ಮೊದಲು ಸವೆದು, ಏಕೆಂದರೆ ಸತು ಕಬ್ಬಿಣಕ್ಕಿಂತ ಜಾಸ್ತಿ ಚುರುಕಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಆದರೆ ಸತು, ಮೇಲೆ ಏನೂ ಇಲ್ಲದ ಬರಿಮೈ ಕಬ್ಬಿಣಕ್ಕೆ ನೇರವಾಗಿ ತಗಲಿರಬೇಕು. ಹಳೇ ಬಣ್ಣದ ಮೇಲೋ ಕನ್ವರ್ಟರ್ ಹಚ್ಚಿದ ಜಾಗದ ಮೇಲೋ ಬಳಿದರೆ ಆ ಲಾಭ ಸಿಗುವುದಿಲ್ಲ. ಅಂಥ ಕಡೆ ನಾನು ಸಾಮಾನ್ಯ ರೆಡ್ ಆಕ್ಸೈಡನ್ನೇ ಹೊಡೆಯುತ್ತೇನೆ. ಜಿಐ ಪೈಪಿನದು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನದು ಬೇರೆ ಕಥೆ, ಅದರ ಮೇಲಿನ ಸತುವಿಗೆ ಎಣ್ಣೆ ಆಧಾರಿತ ಎನಾಮೆಲ್ ನೇರವಾಗಿ ಬಳಿದರೆ ಅಂಟು ಬಿಟ್ಟು ಸುಲಿದು ಬರುತ್ತದೆ. ಜಿಐಗೆಂದೇ ಮಾಡಿದ ಪ್ರೈಮರ್ ಬೇಕು. ಜಿಐಯನ್ನು ವೆಲ್ಡ್ ಮಾಡುವುದಾದರೆ ಬೆಸೆಯುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಿರಿ, ಸತು ಸುಟ್ಟು ಏಳುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ಬಣ್ಣ ಮೊದಲು ಸೋಲುವುದು ಅಂಚಿನಲ್ಲಿ. ಚೂಪಾದ ಅಂಚಿನಿಂದ ಹಸಿ ಬಣ್ಣ ಹಿಂದಕ್ಕೆ ಸರಿದು ಅಲ್ಲಿ ಪದರ ತೆಳ್ಳಗಾಗುತ್ತದೆ. ಅರದಿಂದ ಅಂಚು ದುಂಡಗೆ ಮಾಡಿ, ಅಂಚು ಮತ್ತು ವೆಲ್ಡಿಂಗ್ ಗೆರೆಗಳಿಗೆ ಬ್ರಷ್ಷಿನಲ್ಲಿ ಮೊದಲೊಂದು ಕೈ ಹೊಡೆದು, ಆಮೇಲೆ ಪೂರ್ತಿ ಬಳಿಯುತ್ತೇನೆ. ಟೊಳ್ಳು ಪೈಪಿನ ಕೆಳತುದಿಗೆ ನೀರು ಇಳಿದುಹೋಗಲು ಸಣ್ಣ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಅದು ಒಳಗಿನಿಂದ ತಿಂದುಹೋಗಿ ಹೊರಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ತಾಮ್ರದ ದೊಡ್ಡ ತಗಡಿಗೆ ಚಿಕ್ಕ ಕಬ್ಬಿಣದ ಸ್ಕ್ರೂ ಹಾಕಲೇಬೇಡಿ, ತೇವ ಸಿಕ್ಕರೆ ಸ್ಕ್ರೂ ಬೇಗ ಕರಗುತ್ತದೆ. ಬೇರೆ ಬೇರೆ ಲೋಹ ಸೇರಿಸಲೇಬೇಕಾದ ಕಡೆ ನಾನು ನಡುವೆ ನೈಲಾನ್ ವಾಷರ್ ಇಡುತ್ತೇನೆ, ಸ್ಕ್ರೂ ತೂತಿನ ಒಳಗೂ ನೈಲಾನ್ ಕೊಳವೆ ಹಾಕುತ್ತೇನೆ.