‘ಅಪ್ಪನಿಗೆ ಹೇಳಬೇಡಿ’ ಅಂದಾಗ ನಾನು ಏನು ಮಾಡುತ್ತೇನೆ

ನಾನು ಪ್ಯಾಲಿಯೇಟಿವ್ ಕೇರ್ ವೈದ್ಯೆ. ಪೂರ್ತಿ ವಾಸಿಯಾಗದ ಕಾಯಿಲೆಯವರ ನೋವು, ಏದುಸಿರು, ಭಯ ಕಡಿಮೆ ಮಾಡುವುದು ನನ್ನ ಕೆಲಸ. ಔಷಧಿಯ ಲೆಕ್ಕಾಚಾರಕ್ಕಿಂತ ಜಾಸ್ತಿ ಕಷ್ಟವೆನಿಸುವುದು ಬೇರೆಯೇ ಇದೆ. ರೋಗಿ ಒಳಗೆ ಬರುವ ಮೊದಲೇ ಮಗನೋ ಮಗಳೋ ಬಂದು ಮೆಲ್ಲಗೆ ಹೇಳುತ್ತಾರೆ: "ಡಾಕ್ಟ್ರೇ, ಕ್ಯಾನ್ಸರ್ ಅಂತ ಅಪ್ಪನಿಗೆ ಹೇಳಬೇಡಿ. ಅವರು ತಡ್ಕೊಳ್ಳಲ್ಲ."

ನಾನು ವಾದಕ್ಕಿಳಿಯುವುದಿಲ್ಲ. ತಿಳಿಯುವುದು ರೋಗಿಯ ಹಕ್ಕು ಅನ್ನುವುದು ನಿಜ. ಆದರೆ ಆ ಹೊತ್ತಿನಲ್ಲಿ ನಿಯಮ ಹೇಳಿದರೆ ಮನೆಯವರು ನನ್ನ ಜೊತೆ ಮಾತೇ ನಿಲ್ಲಿಸುತ್ತಾರೆ. ಬದಲಿಗೆ, "ಗೊತ್ತಾದರೆ ಏನಾಗಬಹುದು ಅಂತ ನಿಮಗೆ ಭಯ?" ಎಂದು ಕೇಳುತ್ತೇನೆ. ಊಟ ಬಿಟ್ಟುಬಿಡುತ್ತಾರೆ, ಬದುಕುವ ಆಸೆ ಬಿಡುತ್ತಾರೆ ಅನ್ನುತ್ತಾರೆ. ಕೆಲವರು ಅತ್ತುಬಿಡುತ್ತಾರೆ. ಆ ಮಾತು ಪ್ರೀತಿಯಿಂದಲೇ ಬಂದದ್ದು, ಅದನ್ನು ಕೀಳಾಗಿ ನೋಡಬಾರದು. ವೈದ್ಯರೂ ಹಾಗೇ ಇದ್ದರಲ್ವಾ? ಅಮೆರಿಕದಲ್ಲಿ 1961ರ ಸಮೀಕ್ಷೆಯೊಂದರಲ್ಲಿ ಸುಮಾರು 90% ವೈದ್ಯರು, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದಿದ್ದರು. 1979ರಲ್ಲಿ ಮತ್ತೆ ಕೇಳಿದಾಗ 97% ಮಂದಿ ಹೇಳುವುದೇ ಸರಿ ಅಂದರು.

ಆಮೇಲೆ ಮನೆಯವರಿಗೆ ಎರಡು ಮಾತು ಕೊಡುತ್ತೇನೆ. ನಾನಾಗಿ ಹೋಗಿ ಸುದ್ದಿ ಸುರಿಯುವುದಿಲ್ಲ. ರೋಗಿಯೇ ಕೇಳಿದರೆ ಸುಳ್ಳು ಹೇಳುವುದಿಲ್ಲ. ಎರಡನೆಯದರಲ್ಲಿ ನಾನು ರಾಜಿಯಾಗುವುದಿಲ್ಲ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ, "ಈ ನೋವು ಕಡಿಮೆ ಮಾಡಬಹುದು" ಎಂಬ ನನ್ನ ನಿಜವನ್ನೂ ಅವರು ನಂಬುವುದಿಲ್ಲ.

ರೋಗಿಯ ಹತ್ತಿರ ಕುಳಿತಾಗ ಮೊದಲು ಕೇಳುವುದು, "ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಅನಿಸಿದೆ?" ಆಮೇಲೆ, "ಎಲ್ಲ ವಿವರ ನಿಮಗೇ ಹೇಳಲಾ, ಇಲ್ಲ ಮನೆಯಲ್ಲಿ ಯಾರಿಗಾದರೂ ಹೇಳಲಾ?" ಕೆಟ್ಟ ಸುದ್ದಿ ಹೇಳಲು ವೈದ್ಯರು ಕಲಿಯುವ ಸ್ಪೈಕ್ಸ್ ಎಂಬ ಆರು ಹಂತದ ಕ್ರಮ ಇದೆ. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೆಯ ಹಂತ. ಮೊದಲ ಮೂರೂ ಮಾತಾಡಲು ತಕ್ಕ ಜಾಗ ಹುಡುಕುವುದು, ಕೇಳಿಸಿಕೊಳ್ಳುವುದು, ಒಪ್ಪಿಗೆ ಪಡೆಯುವುದು. ಅವಸರದಲ್ಲಿ ನಾವು ಬಿಡುವುದೂ ಇವನ್ನೇ.

ಬಹಳ ಸಲ ರೋಗಿಗೆ ಅಂದಾಜಿರುತ್ತದೆ. ತೂಕ ಇಳಿದದ್ದು, ವಾರ್ಡಿನ ಹೆಸರು, ತಾನು ಒಳಗೆ ಬಂದಾಗ ನಿಲ್ಲುವ ಪಿಸುಮಾತು ಎಲ್ಲವನ್ನೂ ಗಮನಿಸಿರುತ್ತಾರೆ. "ಗೊತ್ತಿದೆ ಡಾಕ್ಟ್ರೇ, ಮಗನಿಗೆ ಹೇಳಬೇಡಿ, ಕುಗ್ಗಿಹೋಗ್ತಾನೆ" ಅಂದವರಿದ್ದಾರೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಬ್ಬೊಬ್ಬರೇ ಅಳುತ್ತಿರುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ. ಅಪ್ಪನ ಒಪ್ಪಿಗೆ ಪಡೆದು, ಇಬ್ಬರನ್ನೂ ಕೂರಿಸಿ, ಮಾತು ಶುರು ಮಾಡಿಕೊಡುತ್ತೇನೆ. ಶುರುವಾದ ಮೇಲೆ ನಾನು ಸುಮ್ನೆ ಇರುತ್ತೇನೆ.

"ಎಷ್ಟು ದಿನ ಇದೆ?" ಎಂದು ಕೇಳಿದರೆ ಒಂದು ಸಂಖ್ಯೆ ಕೊಡುವುದಿಲ್ಲ. ಅಷ್ಟು ಕರಾರುವಾಕ್ಕಾಗಿ ಯಾರಿಗೂ ಹೇಳಲಾಗದು. "ವರ್ಷಗಳಲ್ಲ, ತಿಂಗಳುಗಳು ಅನಿಸುತ್ತದೆ" ಅನ್ನುತ್ತೇನೆ. ಮಾಡಬೇಕಾದ ಕೆಲಸ ಏನಾದರೂ ಉಳಿದಿದೆಯಾ ಎಂದೂ ಕೇಳುತ್ತೇನೆ.

ನಿಜವಾಗಿಯೂ ತಿಳಿಯಲು ಇಷ್ಟವಿಲ್ಲದವರೂ ಇದ್ದಾರೆ. "ಎಲ್ಲ ಮಗಳಿಗೆ ಹೇಳಿ, ಅವಳು ನೋಡ್ಕೋತಾಳೆ" ಅನ್ನುತ್ತಾರೆ. ಅದೂ ಅವರದೇ ತೀರ್ಮಾನ, ಬಲವಂತ ಮಾಡಬಾರದು. ಫೈಲಿನಲ್ಲಿ ತಾರೀಖು ಹಾಕಿ ಬರೆದಿಡುತ್ತೇನೆ. ಚಿಕಿತ್ಸೆ ಬದಲಾಗುವಾಗ ಮತ್ತೆ ಕೇಳುತ್ತೇನೆ, ಯಾಕೆಂದರೆ ಮನಸ್ಸು ಬದಲಾಗುತ್ತದೆ. ಜೊತೆಗೆ ಒಂದು ಪ್ರಶ್ನೆ ಮಾತ್ರ ಬಿಡುವುದಿಲ್ಲ: ವೆಂಟಿಲೇಟರ್ ಬೇಕಾ ಬೇಡವಾ ಅನ್ನುವಂಥ ದಿನ ಬಂದರೆ, ಮಗಳು ನಿಮ್ಮ ಯಾವ ಮಾತನ್ನು ನೆನಪಿಟ್ಟುಕೊಂಡು ಹೇಳಬೇಕು? ಉತ್ತರ ಕೊಡುವಾಗ ಮಗಳೂ ಪಕ್ಕದಲ್ಲಿರುವಂತೆ ನೋಡಿಕೊಳ್ಳುತ್ತೇನೆ.