ಸ್ಕೂಬಾಕ್ಕೆ ಹೊರಡುವ ಮುನ್ನ ಮೀನಖಂಡ ಗಟ್ಟಿಯಾಗಲಿ

ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಮುಗಿಸಿದ ಮರುದಿನ ಮೆಟ್ಟಿಲಿಳಿಯಲು ಪರದಾಡುವವರು ತುಂಬ ಜನ. ಈಜಲು ಪಾದಕ್ಕೆ ತೊಡುವ ಈಜುರೆಕ್ಕೆ, ಅಂದರೆ ಫಿನ್ ತೊಟ್ಟಾಗ ಪಾದದ ಉದ್ದ ಒಮ್ಮೆಲೇ ಹೆಚ್ಚುತ್ತದೆ, ಪ್ರತಿ ಒದೆತಕ್ಕೂ ನೀರು ಅದರ ತುದಿಯನ್ನು ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡ ತಡೆಯಬೇಕಾದ್ದು ಮೀನಖಂಡ. ಬರೀ ವಾಕಿಂಗ್‌ನಿಂದ ಅದಕ್ಕೆ ಈ ಕಸುವು ಬರುವುದಿಲ್ಲ. ಕನಿಷ್ಠ 6 ವಾರ ಮೊದಲೇ ಈ ವ್ಯಾಯಾಮ ಶುರು ಮಾಡಿ. ವಾರಕ್ಕೆ 3 ದಿನ, ನಡುನಡುವೆ ಬಿಡುವು.

ಮೊದಲು 5 ನಿಮಿಷ ಬಿರುಸಾಗಿ ನಡೆದು ಮೈ ಬೆಚ್ಚಗಾಗಿಸಿಕೊಳ್ಳಿ.

ಎರಡನೆಯದು ಹಿಮ್ಮಡಿ ಇಳಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಗೋಡೆ ಹಿಡಿದು ನಿಲ್ಲಿ. ಎರಡೂ ಕಾಲಿನ ಬಲದಿಂದ ತುದಿಗಾಲಿಗೇರಿ, ಒಂದು ಕಾಲನ್ನು ಎತ್ತಿಕೊಳ್ಳಿ. ಇನ್ನೊಂದರ ಹಿಮ್ಮಡಿಯನ್ನು ನಾಲ್ಕು ಎಣಿಸುತ್ತ, ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೂ ಇಳಿಸಿ. ಅಲ್ಲಿ ಒಂದು ಕ್ಷಣ ತಡೆದು, ಮತ್ತೆ ಎರಡೂ ಕಾಲಿನಿಂದ ಏರಿ. ಒಂದೊಂದು ಕಾಲಿಗೆ 10ರಿಂದ 12 ಸಲ, ಮೂರು ಸುತ್ತು. ಪುಟಪುಟನೆ ಪುಟಿಯಬೇಡಿ, ಪುಟಿದರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವೇ ಹೆಚ್ಚಿನ ಕೆಲಸ ಮಾಡಿಬಿಡುತ್ತದೆ, ಮೀನಖಂಡಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಭಾರ ಕಿರುಬೆರಳಿನತ್ತ ವಾಲದೆ ಹೆಬ್ಬೆರಳಿನ ಬುಡದ ಮೇಲಿರಲಿ. ಮೊದಲ ವಾರ ಸಮತಟ್ಟು ನೆಲದಲ್ಲಿ, ಎರಡೂ ಕಾಲಿನಿಂದ ಮಾಡಿದರೆ ಸಾಕು. ಸ್ನಾಯುರಜ್ಜುವಿನಲ್ಲಿ ಚುಚ್ಚಿದಂತಾದರೆ ನಿಲ್ಲಿಸಿ.

ಇದನ್ನೇ ಮಂಡಿ ತುಸು ಬಗ್ಗಿಸಿ ಇನ್ನೆರಡು ಸುತ್ತು ಮಾಡಿ. ಮೀನಖಂಡದ ಒಳಪದರದ ಸ್ನಾಯುವಿನ ಮೇಲೆ ಹೆಚ್ಚು ಹೊರೆ ಬೀಳುವುದು ಹೀಗೆ ಬಗ್ಗಿದಾಗ. ಸಮಯವಿಲ್ಲದಿದ್ದರೆ ನೇರ ಮಂಡಿಯ ಸುತ್ತು ಕಡಿಮೆ ಮಾಡಿ, ಇದನ್ನು ಮಾತ್ರ ಬಿಡಬೇಡಿ.

ಬೋರಲು ಮಲಗಿ, ಕಾಲು ನೇರವಾಗಿಟ್ಟು ಒಂದೊಂದಾಗಿ ಎತ್ತಿ, 15 ಸಲ. ಒದೆತ ಸೊಂಟದಿಂದ ಬರಬೇಕಲ್ಲ, ಅದಕ್ಕೆ.

ಕೊನೆಯ ಎರಡು ವಾರ ಈಜುಕೊಳಕ್ಕೆ ಫಿನ್ ಒಯ್ಯಿರಿ. 10 ನಿಮಿಷದಿಂದ ಶುರು ಮಾಡಿ ಮೆಲ್ಲಗೆ ಹೆಚ್ಚಿಸಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ಮುಂದಕ್ಕೆ ಹೋಗುವುದಿಲ್ಲ, ದಣಿವಷ್ಟೇ ಉಳಿಯುತ್ತದೆ. ಹೊಸಬರು ಗಡುಸಾದ ಉದ್ದ ಫಿನ್ ಕೊಳ್ಳಲೇಬಾರದು. ಪಾದ ಬಿಗಿಯುವ ಫಿನ್ ಕೂಡ ಬೇಡ. ನೋವಿನ ಮುಲಾಮು ಹಚ್ಚಿಕೊಂಡು ವ್ಯಾಯಾಮ ತಪ್ಪಿಸಿಕೊಳ್ಳುವ ದಾರಿ ಹಿಡಿಯಬೇಡಿ. ಮುಲಾಮಿನಿಂದ ಸ್ನಾಯುವಿಗೆ ಬಲ ಬರುವುದಿಲ್ಲ.

ಡೈವಿಂಗ್‌ನ ಹಿಂದಿನ ದಿನವೂ ಮರುದಿನವೂ ಭಾರದ ವ್ಯಾಯಾಮ ಬೇಡ. ನೀರು ಚೆನ್ನಾಗಿ ಕುಡಿಯಿರಿ. ನೀರೊಳಗೆ ಮೀನಖಂಡ ಸೆಟೆದು ಹಿಡಿದುಕೊಂಡರೆ ಜೊತೆಗಾರರಿಗೆ ಸನ್ನೆ ಮಾಡಿ, ಒದೆಯುವುದು ನಿಲ್ಲಿಸಿ, ಫಿನ್ ತುದಿಯನ್ನು ನಿಮ್ಮತ್ತ ಎಳೆಯುತ್ತ ಮಂಡಿ ನೇರ ಮಾಡಿ.

ಎರಡು ಮೂರು ದಿನದಲ್ಲಿ ಇಳಿಯುವ ಮೈಕೈ ನೋವಿಗೆ ಹೆದರಬೇಕಿಲ್ಲ. ಆದರೆ ಡೈವಿಂಗ್ ನಂತರ ಕೀಲುನೋವು, ಜೋಮು, ನಿಶ್ಶಕ್ತಿ ಕಂಡರೆ ಅದನ್ನು ಸ್ನಾಯುನೋವೆಂದು ತಳ್ಳಿಹಾಕದೆ ತಕ್ಷಣ ವೈದ್ಯರ ಬಳಿ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ. ಒಂದೇ ಮೀನಖಂಡ ಊದಿ ಬಿಸಿಯಾದರೂ ಅಷ್ಟೇ; ಅದನ್ನು ತಿಕ್ಕಲು ಹೋಗಬೇಡಿ.