ಹಾಯಿದೋಣಿಗೆ ನಕ್ಷತ್ರದ ಲೆಕ್ಕ: ಕಲಬುರಗಿಯ ಬಯಲಿನಲ್ಲೇ ಅಭ್ಯಾಸ

ಜಿಪಿಎಸ್ ಇಲ್ಲದೆ ಹಾಯಿದೋಣಿಯನ್ನು ದಡ ಸೇರಿಸಬೇಕೆನ್ನುವವರು ಮೊದಲು ಧ್ರುವ ನಕ್ಷತ್ರದ ಎತ್ತರವನ್ನು ಅಳೆಯಲು ಕಲಿಯಬೇಕು, ಏಕೆಂದರೆ ದಿಗಂತದಿಂದ ಅದು ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಾವಿರುವ ಜಾಗದ ಅಕ್ಷಾಂಶ. ಇದಕ್ಕೆ ಸಮುದ್ರವೇ ಬೇಕೆಂದಿಲ್ಲ. ಕಲಬುರಗಿಯ ಹೊರಗೆ, ತೊಗರಿ ಹೊಲಗಳಾಚೆ ಉತ್ತರದ ದಿಗಂತ ತೆರೆದು ಕಾಣುವ ಎರೆಭೂಮಿಯೇ ಸಾಕು.

ಅರಬ್ಬೀ ಸಮುದ್ರದ ನಾವಿಕರು ಶತಮಾನಗಳ ಕಾಲ ಬಳಸಿದ ಕಮಾಲ್ ಎಂಬ ಉಪಕರಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 15.2 ಸೆಂಟಿಮೀಟರ್ ಎತ್ತರದ ತೆಳು ಹಲಗೆಯ ನಡುವೆ ರಂಧ್ರ ಕೊರೆದು, ಹಿಗ್ಗದ ದಾರ ಪೋಣಿಸಿ, ಹಲಗೆಯಿಂದ 50 ಸೆಂಟಿಮೀಟರ್ ದೂರದಲ್ಲಿ ಗಂಟು ಹಾಕಬೇಕು. ಹಳಬರು ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಕಣ್ಣಿನ ಪಕ್ಕಕ್ಕೆ ಹಿಡಿದರೆ ನಮ್ಮ ಲೆಕ್ಕಕ್ಕೆ ಇನ್ನೂ ಸರಿಹೊಂದುತ್ತದೆ. ದಾರವನ್ನು ಬಿಗಿಯಾಗಿ ಎಳೆದು ಹಲಗೆಯ ಕೆಳಅಂಚನ್ನು ದಿಗಂತಕ್ಕೆ ತಾಗಿಸಿದಾಗ ಮೇಲಂಚಿನ ಮೇಲೆ ಧ್ರುವ ಕುಳಿತಂತೆ ಕಂಡರೆ, ಅದು ಕಲಬುರಗಿಯ 17 ಡಿಗ್ರಿ 20 ನಿಮಿಷದ ಅಕ್ಷಾಂಶ. ಬೀದರ್‌ನ ಗಂಟು ಸುಮಾರು 48.2 ಸೆಂಟಿಮೀಟರ್‌ಗೆ, ಯಾದಗಿರಿಯದು 51.6ಕ್ಕೆ ಬರುತ್ತದೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಅಂದರೆ ಸುಮಾರು 111 ಕಿಲೋಮೀಟರ್ ಆದ್ದರಿಂದ, ದಾರ ಒಂದೂವರೆ ಸೆಂಟಿಮೀಟರ್ ಸಡಿಲವಾದರೂ ಅರ್ಧ ಡಿಗ್ರಿ ವ್ಯತ್ಯಾಸವಾಗಿ ಕಡಲಿನಲ್ಲಿ ಸುಮಾರು ಅರವತ್ತು ಕಿಲೋಮೀಟರ್ ತಪ್ಪುತ್ತದೆ. ಕೈ ಪಳಗುವವರೆಗೆ ನೆಲದ ಮೇಲೆಯೇ ಅಳೆಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ನಕ್ಷತ್ರವೂ ದಿಗಂತವೂ ಒಟ್ಟಿಗೆ ಕಾಣುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ ಮಾತ್ರ. ಧ್ರುವ ನಕ್ಷತ್ರವೂ ಆಕಾಶದ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿ ಸುತ್ತುತ್ತದೆ. ಆದ್ದರಿಂದ ಚಳಿಗಾಲದ ದೀರ್ಘ ರಾತ್ರಿಯಲ್ಲಿ ಸಂಜೆಗೊಮ್ಮೆ, ನಸುಕಿಗೊಮ್ಮೆ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಆ ಸಂಜೆಗಳಲ್ಲಿ ಸಪ್ತರ್ಷಿ ಮಂಡಲ ನಮಗೆ ದಿಗಂತದ ಕೆಳಗಿರುವುದರಿಂದ, ಇಂಗ್ಲಿಷ್‌ನ W ಆಕಾರದ ಶರ್ಮಿಷ್ಠಾ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ನೆರವಿನಿಂದ ಧ್ರುವವನ್ನು ಗುರುತಿಸಬೇಕು.

ಕಡಲಿನಲ್ಲಿ ಇದರ ಉಪಯೋಗ ನೇರವಾದದ್ದು. ಲಕ್ಷದ್ವೀಪದಿಂದ ಕಾರವಾರಕ್ಕೆ ಬರುವವರು ಇದೇ ಹಲಗೆಗೆ 58.5 ಸೆಂಟಿಮೀಟರ್‌ನಲ್ಲಿ ಗಂಟು ಹಾಕಿಕೊಂಡು, ಧ್ರುವ ಆ ಅಳತೆಗೆ ಕೂಡುವವರೆಗೆ ಉತ್ತರಕ್ಕೆ ಸಾಗಿ, ಬಳಿಕ ಎತ್ತರ ಬದಲಾಗದಂತೆ ಪೂರ್ವಕ್ಕೆ ತಿರುಗಬೇಕು. ಮೋಡ ಕವಿದಾಗ ಉಳಿಯುವುದು ದಿಕ್ಸೂಚಿ, ಗಡಿಯಾರ ಮತ್ತು ವೇಗದ ಅಂದಾಜು: ಮುಂಭಾಗದಲ್ಲಿ ಎಸೆದ ಮರದ ಚೂರು 8 ಮೀಟರ್ ಉದ್ದದ ದೋಣಿಯ ಹಿಂಭಾಗ ದಾಟಲು 4 ಸೆಕೆಂಡ್ ತೆಗೆದುಕೊಂಡರೆ ವೇಗ ಸುಮಾರು 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲಿ. ದಿಕ್ಕು, ವೇಗ ಮತ್ತು ಗಾಳಿ ಪಕ್ಕಕ್ಕೆ ತಳ್ಳಿದ ಅಂದಾಜನ್ನು ಪ್ರತಿ ಗಂಟೆಗೂ ನಕ್ಷೆಯಲ್ಲಿ ಗುರುತಿಸಬೇಕು. ದಿಕ್ಸೂಚಿಯ ಬಳಿ ಕಬ್ಬಿಣದ ಚಾಕುವನ್ನೂ ಇಡಬಾರದು. ದಡ ಕಂಡ ಮೇಲೆ ದೀಪಸ್ತಂಭ, ಬೆಟ್ಟದಂತಹ ಎರಡು ಗುರುತುಗಳ ದಿಕ್ಕು ನೋಡಿ ನಕ್ಷೆಯಲ್ಲಿ ಗೆರೆ ಎಳೆದರೆ ಅವು ಕೂಡುವಲ್ಲಿ ದೋಣಿಯಿರುತ್ತದೆ. ಮೂರನೆಯ ಗೆರೆ ಆ ಬಿಂದುವಿನಿಂದ ದೂರ ಸರಿದರೆ ಮೂರನ್ನೂ ಮತ್ತೆ ಅಳೆಯಬೇಕು.